ಬಂಗಾರದ ಅದಿರಿಗೆ ಹೆಪ್ಪು ಹಾಕಿದ್ದು

ಚಿತ್ರದುರ್ಗದ ಜಿ.ಆರ್. ಹಳ್ಳಿ ಕಡೆಯ ಅದಿರಿನಲ್ಲಿ ಬಂಗಾರ ಇದೆ. ಆದರೆ ಸುಲಭಕ್ಕೆ ಕೈಗೆ ಬರುವುದಿಲ್ಲ. ಆರ್ಸೆನಿಕ್, ಕಬ್ಬಿಣ, ಗಂಧಕ ಸೇರಿದ ಆರ್ಸೆನೊಪೈರೈಟ್ ಎಂಬ ಖನಿಜದ ಒಳಗೆ ಅದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸಿಕ್ಕಿಕೊಂಡಿರುತ್ತದೆ. ನುಣ್ಣಗೆ ಅರೆದು, ಬಂಗಾರ ಕರಗಿಸುವ ಸಯನೈಡ್ ಹಾಕಿದರೂ ಪೂರ್ತಿ ಬಿಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎ. ನಟರಾಜನ್ ಅವರು ಇಂಥ ಅದಿರಿನ ಮೇಲೆ ಬ್ಯಾಕ್ಟೀರಿಯಾ ಬಿಟ್ಟು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದನ್ನು ಓದಿಯೇ ನಾನು ಈ ಕೆಲಸಕ್ಕೆ ಇಳಿದದ್ದು.

ಹಳೆಯ ದಾರಿ ಎಂದರೆ ಅದಿರನ್ನು ಹುರಿಯುವುದು. ಕೆನಡಾದ ಯೆಲ್ಲೋನೈಫ್ ಹತ್ತಿರದ ಜೈಂಟ್ ಗಣಿಯಲ್ಲಿ ಹಾಗೆ ಹುರಿದಾಗ ಬಂದ 2,37,000 ಟನ್ ಪಾಷಾಣದ (ಆರ್ಸೆನಿಕ್ ಟ್ರೈಆಕ್ಸೈಡ್) ಪುಡಿಯನ್ನು ನೆಲದಡಿ ತುಂಬಿಟ್ಟರು. ಅದು ನೀರಿನಲ್ಲಿ ಕರಗುವ ವಿಷ. ಆ ಲೆಕ್ಕ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಮ್ಮ ಬ್ಯಾಕ್ಟೀರಿಯಾದ ಹೆಸರು ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್. ಕಬ್ಬಿಣ, ಗಂಧಕವೇ ಅದರ ಊಟ. ಅದು ತಿಂದಂತೆಲ್ಲ ಖನಿಜ ಕರಗಿ, ಒಳಗೆ ಸಿಕ್ಕಿಕೊಂಡ ಬಂಗಾರ ತೆರೆದುಕೊಳ್ಳುತ್ತದೆ. ಬೇಕಾದ ಇಂಗಾಲ ಗಾಳಿಯಿಂದಲೇ ಸಿಗುತ್ತದೆ. ಹುಳಿ ನೀರು, ಸುಮಾರು 30 ಡಿಗ್ರಿ ಬಿಸಿ, ಚೂರು ಅಮೋನಿಯಂ ಸಲ್ಫೇಟ್, ಚೂರು ಫಾಸ್ಫೇಟ್ ಇದ್ದರೆ ಸಾಕು. ತೆಳು ಹಸಿರು ನೀರು ಮೂರ್ನಾಲ್ಕು ದಿನದಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದರೆ ಅವು ಬದುಕಿವೆ ಎಂದರ್ಥ.

ಮೊದಲ ಸಲ ಅವಸರ ಮಾಡಿದೆ. 100 ಎಂಎಲ್‌ಗೆ ನೇರವಾಗಿ 10 ಗ್ರಾಂ ಅದಿರು ಹಾಕಿದೆ. ವಾರ ಕಳೆದರೂ ಬಣ್ಣ ಬರಲಿಲ್ಲ. ಕರಗಿ ಬಂದ ಆರ್ಸೆನಿಕ್ಕೇ ಅವನ್ನು ಕೊಂದಿತ್ತು. ಆಮೇಲೆ 1 ಗ್ರಾಂನಿಂದ ಶುರು ಮಾಡಿದೆ. ಹಾಲಿಗೆ ಹೆಪ್ಪು ಹಾಕುವ ಹಾಗೆ, ಚೆನ್ನಾಗಿ ಬೆಳೆದ ನೀರಿನಿಂದ 10 ಎಂಎಲ್ ತೆಗೆದು ಮುಂದಿನ ಫ್ಲಾಸ್ಕಿಗೆ ಹಾಕುತ್ತಾ ಹೋದೆ. 2 ಗ್ರಾಂ, 4 ಗ್ರಾಂ, 6 ಗ್ರಾಂ. ಪ್ರತಿ ಹಂತದಲ್ಲೂ ಮೂರ್ನಾಲ್ಕು ಸಲ. 10 ಗ್ರಾಂ ಮುಟ್ಟಲು ನಾಲ್ಕು ತಿಂಗಳು ಹಿಡಿಯಿತು. ಇದಕ್ಕೆ ಅಡ್ಡದಾರಿ ಇಲ್ಲ.

ಅಷ್ಟಾದ ಮೇಲೂ ಒಂದು ದಿನ ಇಡೀ ಸಾಲು ಸತ್ತಿತು. ಕಾರಣ ಹುಡುಕಿದರೆ ಒಂದು ಬೀಕರ್. ಹಿಂದಿನ ದಿನ ಅದರಲ್ಲಿ ಸಯನೈಡ್ ಇತ್ತು, ಸರಿಯಾಗಿ ತೊಳೆದಿರಲಿಲ್ಲ. ಅಂದಿನಿಂದ ಎರಡು ಕೆಲಸಕ್ಕೂ ಬೇರೆ ಬೇರೆ ಗಾಜಿನ ಸಾಮಾನು, ಬೇರೆ ನೀರು. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಅದಿರಿಗೆ ಬ್ಯಾಕ್ಟೀರಿಯಾ ಬಿಡುವ ಈ ಕೆಲಸವನ್ನು ದೊಡ್ಡ ಟ್ಯಾಂಕ್‌ಗಳಲ್ಲಿ ಮಾಡುತ್ತಾ ಬಂದಿದ್ದಾರೆ. ಅಂಥ ಪ್ಲಾಂಟ್‌ಗಳಲ್ಲೂ ಸಯನೈಡ್ ಕಡೆಯ ನೀರು ಬ್ಯಾಕ್ಟೀರಿಯಾದ ಕಡೆ ಬರಬಾರದು.

ಇನ್ನೊಂದು ಮಾತು ಜೀವಕ್ಕೆ ಸಂಬಂಧಪಟ್ಟದ್ದು. ಬ್ಯಾಕ್ಟೀರಿಯಾ ಬಿಟ್ಟ ಅದಿರಿನಲ್ಲಿ ಹುಳಿ ತುಂಬಿರುತ್ತದೆ. ಅದಕ್ಕೆ ಸಯನೈಡ್ ಬಿದ್ದರೆ ಸಾಯಿಸುವ ಗ್ಯಾಸ್ ಏಳುತ್ತದೆ. ಚೆನ್ನಾಗಿ ತೊಳೆದು, ಸುಣ್ಣದಿಂದ ಪಿಎಚ್ (ಹುಳಿ, ಕ್ಷಾರದ ಅಳತೆ) 10 ದಾಟಿಸಿಯೇ ಮುಂದೆ ಹೋಗಬೇಕು. ಆ ನಂತರ ಬಂಗಾರ ನೋಡಿದೆ. ಮೊದಲು ಅರ್ಧವೂ ಸಿಗದಿದ್ದದ್ದು ಈಗ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸಿಕ್ಕಿತು.

ನನಗೆ ಜಾಸ್ತಿ ಸಮಾಧಾನ ಕೊಟ್ಟದ್ದು ಉಳಿದ ಹುಳಿ ನೀರು. ಆರ್ಸೆನಿಕ್ ಅದರಲ್ಲೇ ಇರುತ್ತದೆ, ಅಲ್ವಾ? ಅದನ್ನು ಕೆಸರಾಗಿ ಹಿಡಿದಿಡಲು ಅದರ ಒಂದು ಪರಮಾಣುವಿಗೆ ಕಬ್ಬಿಣದ ಮೂರು ಪರಮಾಣುವಾದರೂ ಇರಬೇಕು. ಅದಿರಿನಲ್ಲಿದ್ದ ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಅಷ್ಟು ಕಬ್ಬಿಣ ಒದಗಿಸಿತ್ತು. ಮೊದಲು ಸುಣ್ಣದಕಲ್ಲಿನ ಪುಡಿಯಿಂದ ಪಿಎಚ್ 4ಕ್ಕೆ, ಆಮೇಲೆ ಸುಣ್ಣದಿಂದ 7ಕ್ಕೆ ತಂದಾಗ ಎರಡೂ ಒಟ್ಟಿಗೆ ಕಂದು ಕೆಸರಾಗಿ ಕೂತವು. ಆ ಕೆಸರನ್ನು ನೀರು ಹಾಕಿ ಬಾಟಲಿಗಳಲ್ಲಿ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಮೇಲಿನ ನೀರು ತೆಗೆದು ಆರ್ಸೆನಿಕ್ ಅಳೆಯುತ್ತೇನೆ. ಪಿಎಚ್ ತುಂಬಾ ಏರಿದರೆ ಕಬ್ಬಿಣ ಹಿಡಿತ ಬಿಡುತ್ತದೆ. ಅದಕ್ಕೇ ಆ ಬಾಟಲಿಗಳ ಹತ್ತಿರಕ್ಕೂ ಸಯನೈಡ್ ಕಡೆಯ ಕ್ಷಾರದ ನೀರನ್ನು ತರುವುದಿಲ್ಲ.