ಘಟ್ಟದ ದಾರಿಯಲ್ಲಿ ಸ್ಟೆಪ್ನಿ: ಮೊದಲು ನಟ್, ಆಮೇಲೆ ಜ್ಯಾಕ್

ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಓಡಾಡುವವರಿಗೆ ಈ ದೃಶ್ಯ ಹೊಸದಲ್ಲ. ಕಾರು ಜ್ಯಾಕ್ ಮೇಲೆ ವಾಲಿಕೊಂಡಿದೆ. ಒಬ್ಬರು ಬೆವರು ಸುರಿಸಿ ನಟ್ ತಿರುಗಿಸುತ್ತಿದ್ದಾರೆ, ನಟ್ ಬದಲು ಚಕ್ರವೇ ತಿರುಗುತ್ತಿದೆ. ಮನೆಯವರೆಲ್ಲ ಕಾರಿನೊಳಗೇ ಕೂತಿದ್ದಾರೆ. ಸ್ಟೆಪ್ನಿ ಬದಲಿಸುವುದು ಕಷ್ಟದ ಕೆಲಸವಲ್ಲ, ಆದರೆ ಕ್ರಮ ತಪ್ಪಿದರೆ ಅಪಾಯ.

ಮೊದಲು ಜಾಗ. ಟಯರ್ ಹಾಳಾದೀತೆಂದು ತಿರುವಿನಲ್ಲೇ ನಿಲ್ಲಿಸಬೇಡಿ. ನಿಧಾನವಾಗಿ ಸಪಾಟಾದ, ನೇರವಾದ ಜಾಗದವರೆಗೆ ಹೋಗಿ. ಟಯರ್ ಹೋದರೆ ಹೋಗಲಿ, ಅರಬೈಲ್‌ನಲ್ಲಿ ಹಿಂದಿನಿಂದ ಬರುವ ಲಾರಿಗೆ ನೀವು ಕಾಣಬೇಕು. ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಕೆಂಪು ತ್ರಿಕೋನವನ್ನು ತಿರುವಿಗಿಂತ ಮೊದಲೇ ಇಡಿ.

ಹ್ಯಾಂಡ್‌ಬ್ರೇಕ್ ಎಳೆದು ಗೇರ್‌ನಲ್ಲಿ ಬಿಡಿ. ಏರಿಗೆ ಮುಖ ಮಾಡಿದ್ದರೆ ಫಸ್ಟ್, ಇಳಿಜಾರಿಗಿದ್ದರೆ ರಿವರ್ಸ್, ಆಟೊಮ್ಯಾಟಿಕ್ ಆದರೆ ಪಿ. ಬದಲಿಸುವ ಚಕ್ರಕ್ಕೆ ಓರೆಯಾಗಿ ಎದುರಿರುವ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಕೆಲಸ ಮುಗಿದ ಮೇಲೆ ಆ ಕಲ್ಲುಗಳನ್ನು ದಯವಿಟ್ಟು ತೆಗೆಯಿರಿ. ರಸ್ತೆಯಲ್ಲೇ ಬಿಟ್ಟುಹೋಗುವವರು ಜಾಸ್ತಿ, ರಾತ್ರಿ ಬೈಕಿನವರಿಗೆ ಅದು ಕಾಣುವುದಿಲ್ಲ.

ಈಗ ನಟ್. ಚಕ್ರ ನೆಲದ ಮೇಲಿರುವಾಗಲೇ ಎಲ್ಲ ನಟ್‌ಗಳನ್ನೂ ಅರ್ಧ ಸುತ್ತು ಮಾತ್ರ ಸಡಿಲಿಸಬೇಕು. ಪಾನಾದ ಹಿಡಿ ಎಡಗಡೆಗೆ ಅಡ್ಡವಾಗಿ ಬರುವಂತೆ ಕೂರಿಸಿ ಕಾಲಿನಿಂದ ಕೆಳಕ್ಕೆ ಒತ್ತಿ. ಅದರ ಮೇಲೆ ಹತ್ತಿ ಕುಣಿಯಬೇಡಿ. ಕಾರಿನ ಜೊತೆ ಬರುವ ಗಿಡ್ಡ ಪಾನಾ ಬಹುತೇಕ ನಿಷ್ಪ್ರಯೋಜಕ. ಉದ್ದ ಹಿಡಿಯ ಪ್ಲಸ್ ಪಾನಾ ಒಂದನ್ನು ಕೊಂಡು ಡಿಕ್ಕಿಯಲ್ಲಿಡಿ. ಲಾಕ್ ನಟ್ ಇದ್ದರೆ ಅದರ ಕೀ ಮನೆಯ ಕಪಾಟಿನಲ್ಲಿದ್ದು ಏನು ಪ್ರಯೋಜನ?

ಜನ ಜಾಸ್ತಿ ಎಡವುವುದು ಜ್ಯಾಕ್‌ನಲ್ಲಿ. ನಮ್ಮ ಕಡೆಯ ರಸ್ತೆಯಂಚು ಕೆಂಪು ಮಣ್ಣು, ಜೂನ್ ಬಂತೆಂದರೆ ಬೆಣ್ಣೆಯ ಹಾಗೆ. ಜ್ಯಾಕ್ ಎತ್ತುತ್ತಾ ಹೋದರೆ ಕಾರು ಏಳುವ ಬದಲು ಜ್ಯಾಕೇ ಇಳಿಯುತ್ತದೆ, ಆಮೇಲೆ ಓರೆಯಾಗುತ್ತದೆ. ಅಲ್ಲೇ ಸಿಕ್ಕ ಚಿರೇಕಲ್ಲಿನ ತುಂಡು ಕೆಳಗೆ ಕೊಡುವವರಿದ್ದಾರೆ, ಭಾರ ಬಿದ್ದಾಗ ಅದು ಒಡೆಯುತ್ತದೆ. ಬಡಗಿಯ ಹತ್ತಿರ ಒಂದಡಿ ಅಗಲದ ದಪ್ಪ ಹಲಗೆ ಕೇಳಿ ತಂದಿಡಿ. ಇದು ನಾನು ಒತ್ತಿ ಹೇಳುವ ಮಾತು, ಹಲಗೆ ಇಲ್ಲದೆ ಮಳೆಗಾಲದಲ್ಲಿ ಘಟ್ಟ ಹತ್ತಬೇಡಿ.

ಜ್ಯಾಕ್ ಎಲ್ಲಿ ಕೊಡಬೇಕೆಂಬುದಕ್ಕೂ ಜಾಗವಿದೆ. ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಗುರುತು ಇರುತ್ತದೆ. ಬೆರಳಾಡಿಸಿದರೆ ಸಿಗುತ್ತದೆ. ಬೇರೆ ಕಡೆ ಕೊಟ್ಟರೆ ತಗಡು ಮಡಚುತ್ತದೆ. ಸ್ವಲ್ಪ ಎತ್ತಿ, ಎದ್ದು ನಿಂತು ಜ್ಯಾಕ್ ನೆಟ್ಟಗಿದೆಯಾ ನೋಡಿ. ವಾಲಿದ್ದರೆ ಇಳಿಸಿ ಮತ್ತೆ ಕೂರಿಸಿ. ಚಕ್ರ ನೆಲದಿಂದ ಎರಡು ಬೆರಳು ಎದ್ದರೆ ಸಾಕು, ಗಾಳಿ ತುಂಬಿದ ಸ್ಟೆಪ್ನಿಗೆ ಇನ್ನೊಂದಿಷ್ಟು. ಕಾರಿನ ಕೆಳಗೆ ಕೈಕಾಲು ಹಾಕಲೇಬೇಡಿ.

ಕಾರವಾರ, ಅಂಕೋಲಾ ಕಡೆಯ ಕಾರುಗಳಿಗೆ ಇನ್ನೊಂದು ಕಾಟ. ಉಪ್ಪುಗಾಳಿಗೆ ತುಕ್ಕು ಹಿಡಿದು ಚಕ್ರವು ಹಬ್‌ಗೆ, ಅಂದರೆ ಅದು ಕೂರುವ ನಡುಭಾಗಕ್ಕೆ, ಅಂಟಿಕೊಂಡಿರುತ್ತದೆ. ನಟ್ ಎಲ್ಲ ತೆಗೆದರೂ ಬರುವುದಿಲ್ಲ. ಜ್ಯಾಕ್ ಮೇಲಿರುವಾಗ ಒದೆಯಬೇಡಿ. ನಟ್‌ಗಳನ್ನು ಕೈಯಲ್ಲಿ ಸಡಿಲವಾಗಿ ಹಾಕಿ, ಕಾರು ಇಳಿಸಿ, ಕಲ್ಲು ತೆಗೆದು, ಸಪಾಟು ಜಾಗದಲ್ಲಿ ಒಂದಡಿ ಹಿಂದೆ ಮುಂದೆ ಆಡಿಸಿ. ಬಿಟ್ಟುಕೊಳ್ಳುತ್ತದೆ. ಮತ್ತೆ ಬ್ರೇಕ್, ಕಲ್ಲು, ಜ್ಯಾಕ್.

ಸ್ಟೆಪ್ನಿ ಕೂರಿಸಿ, ನಟ್‌ಗಳನ್ನು ಕೈಯಲ್ಲೇ ತಿರುಗಿಸಿ, ಇಳಿಸಿದ ಮೇಲೆ ಬಿಗಿ ಮಾಡಿ. ಒಂದರ ಪಕ್ಕ ಒಂದಲ್ಲ, ಎದುರುಬದುರು. ನಟ್‌ಗೆ ಎಣ್ಣೆ, ಗ್ರೀಸ್ ಹಾಕಬೇಡಿ. ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ನೋಡಿ.

ಸ್ಟೆಪ್ನಿ ಉಳಿದ ಟಯರ್‌ಗಳಿಗಿಂತ ತೆಳುವಾಗಿದ್ದರೆ ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ವೇಗದ ಮಿತಿ ಎಂದು ಬರೆದಿರುತ್ತದೆ. 66ನೇ ಹೆದ್ದಾರಿ ಅಗಲವಾಗಿದೆಯೆಂದು ಅದನ್ನು ಮರೆಯಬೇಡಿ, ನಾನಾದರೆ 60 ದಾಟುವುದಿಲ್ಲ. ಅದರ ಮೇಲೆ ಟ್ರೇಲರ್ ಎಳೆಯುವ ಮಾತೇ ಬೇಡ. 2020ರ ನಿಯಮದ ಪ್ರಕಾರ, ಟ್ಯೂಬ್‌ಲೆಸ್ ಟಯರ್, ಟಯರ್ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹೊಸ ಕಾರು ಕೊಳ್ಳುವಾಗ ಡಿಕ್ಕಿ ತೆಗೆದು ನೋಡಿ. ಆ ಕಿಟ್‌ನಲ್ಲಿರುವ, ಟಯರ್ ಒಳಗೆ ಸುರಿಯುವ ಅಂಟಿನ ದ್ರವವನ್ನು ನಂಬಿಕೊಂಡು ಘಟ್ಟಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಸೀಳಿದರೆ ಅದು ನಿಲ್ಲುವುದಿಲ್ಲ, ಪಂಕ್ಚರ್ ಅಂಗಡಿಯವರು ಆ ಟಯರ್ ಕಂಡರೆ ಮುಖ ಸಿಂಡರಿಸುತ್ತಾರೆ.

ಸ್ಟೆಪ್ನಿಯಲ್ಲೂ ಗಾಳಿ ಇಲ್ಲವೇ? ಹಗ್ಗ ಕಟ್ಟಿ ಎಳೆಸಿಕೊಂಡು ಘಟ್ಟ ಇಳಿಯಬೇಡಿ. ಎಂಜಿನ್ ಆಫ್ ಆಗಿದ್ದರೆ ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟಿಯರಿಂಗ್ ಕೂಡ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ, ಕಾರನ್ನು ಹೊತ್ತೊಯ್ಯುವ ಲಾರಿಯನ್ನೇ ಕೇಳಿ. ಅಷ್ಟು ಹೊತ್ತು ಕಾರಿನ ಹಿಂದೆ ನಿಲ್ಲಬೇಡಿ, ಧರೆ ಕುಸಿಯುವ ಬದಿಯಲ್ಲೂ ನಿಲ್ಲಬೇಡಿ.