ಹಲವು ಆಸಕ್ತಿಗಳಿಗೆ ಒಂದೇ ಸ್ವಂತ ಬ್ಲಾಗ್: ಆರಂಭಿಸುವ ಮತ್ತು ಉಳಿಸಿಕೊಳ್ಳುವ ಕ್ರಮ

ಬ್ಲಾಗ್ ಆರಂಭಿಸಬೇಕೆಂದಿರುವವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಸಲಹೆಯೆಂದರೆ ಯಾವುದಾದರೂ ಒಂದೇ ವಿಷಯವನ್ನು ಹಿಡಿದುಕೊಳ್ಳಿ ಎಂಬುದು. ಜಾಹೀರಾತಿನ ಆದಾಯವನ್ನು ಗುರಿಯಾಗಿಟ್ಟುಕೊಂಡವರಿಗೆ ಅದು ಸರಿಯಿರಬಹುದು. ಆದರೆ ಬೆಳಿಗ್ಗೆ ಅಂಗಳದ ಮಳೆಯನ್ನು ಅಳೆದು ಬರೆದಿಡುವ, ಬೇಸಿಗೆಯಲ್ಲಿ ಅಪ್ಪೆಮಿಡಿಗೆ ಉಪ್ಪು ಹಾಕುವ, ಭಾನುವಾರ ಊರಾಚೆಯ ವೀರಗಲ್ಲನ್ನು ಹುಡುಕಿಕೊಂಡು ಹೋಗುವ, ರಾತ್ರಿ ತಾಳಮದ್ದಳೆಗೆ ಕುಳಿತುಕೊಳ್ಳುವ ಒಬ್ಬರೇ ವ್ಯಕ್ತಿ ಇವುಗಳಲ್ಲಿ ಒಂದನ್ನು ಉಳಿಸಿಕೊಂಡು ಮೂರನ್ನು ಬಿಟ್ಟುಬಿಡಬೇಕಾದ ಕಾರಣವಿಲ್ಲ. ಓದುಗರಲ್ಲಿ ಹೆಚ್ಚಿನವರು ಇಡೀ ಬ್ಲಾಗನ್ನು ಅರಸಿ ಬರುವುದಿಲ್ಲ; ತಮಗೆ ಬೇಕಾದ ಒಂದು ಪುಟವನ್ನು ಅರಸಿ ಬರುತ್ತಾರೆ. ಆ ಪುಟ ಕನ್ನಡದಲ್ಲಿ, ನಂಬಬಹುದಾದಂತೆ, ಹತ್ತು ವರ್ಷಗಳ ನಂತರವೂ ಅದೇ ವಿಳಾಸದಲ್ಲಿ ಇರಬೇಕು. ಹೀಗೆ ಇರುವಂತೆ ನೋಡಿಕೊಳ್ಳುವುದೇ ಸ್ವಂತ ಬ್ಲಾಗ್ ನಡೆಸುವ ಕೆಲಸ, ಮತ್ತು ಮುಂದೆ ಹೇಳುವ ಕ್ರಮಗಳೆಲ್ಲವೂ ಅದಕ್ಕಾಗಿಯೇ.

ಮೊದಲಿಗೆ ಜಾಗದ ವಿಚಾರ. ಉಚಿತವಾಗಿ ವೆಬ್ ಪುಟ ಕಟ್ಟಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್‌ನಲ್ಲಿ ಅಮೆರಿಕದ ಬಳಕೆದಾರರು ಕಟ್ಟಿಕೊಂಡಿದ್ದ ಪುಟಗಳು 2009ರ ಅಕ್ಟೋಬರ್‌ನಲ್ಲಿ ಮುಚ್ಚಿಹೋದವು. ನಮ್ಮಲ್ಲಿ ಬಹಳ ಜನ ಬರೆಯುತ್ತಿದ್ದ, ಚರ್ಚಿಸುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಬೇರೆಯವರ ಜಗಲಿಯ ಮೇಲೆ ಬರೆದದ್ದು ಅವರು ಬಾಗಿಲು ಹಾಕುವವರೆಗೆ ಮಾತ್ರ ನಮ್ಮದು. ಹಾಗೆಂದು ಸ್ವತಂತ್ರವಾಗಿ ಬರೆಯಲು ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳಬೇಕಾಗಿಲ್ಲ. ವಿಳಾಸ ನಮ್ಮ ಹೆಸರಿನಲ್ಲಿರಬೇಕು ಮತ್ತು ಬರಹಗಳ ಪೂರ್ಣ ಪ್ರತಿ ನಮ್ಮ ಕೈಯಲ್ಲಿರಬೇಕು, ಇವೆರಡಿದ್ದರೆ ಸಾಕು. ಆದ್ದರಿಂದ ಮೊದಲ ಖರ್ಚು ಡೊಮೇನ್ ಹೆಸರಿಗೆ, ಅಂದರೆ ತಾಣದ ವಿಳಾಸಕ್ಕೆ, ಆಗಲಿ. ಡೊಮೇನನ್ನು ಕೊಳ್ಳುವುದು ಎಂದು ಹೇಳುವುದು ರೂಢಿಯಾದರೂ ಅದು ವರ್ಷಗಳ ಲೆಕ್ಕದಲ್ಲಿ ನವೀಕರಿಸಬೇಕಾದ ಗುತ್ತಿಗೆಯಂಥದು. ನೋಂದಣಿಯನ್ನು ಕಡ್ಡಾಯವಾಗಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಮಾಡಿಸಿ. ತಾಣ ಕಟ್ಟಿಕೊಡುವ ಗೆಳೆಯರ ಹೆಸರಿನಲ್ಲಿ ಮಾಡಿಸಿದರೆ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ಅವರ ನಂಬರು ಬದಲಾದ ದಿನ ತೊಂದರೆ ಆರಂಭವಾಗುತ್ತದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಮುಗಿಯುವ ಹೆಸರುಗಳೂ ದೊರೆಯುತ್ತವೆ. ನನಗೆ ಅವುಗಳ ಮೇಲೆ ಅಭಿಮಾನವಿದೆ; ಆದರೆ ಕೆಲವು ಇಮೇಲ್ ಸೇವೆಗಳಲ್ಲೂ ಆ್ಯಪ್‌ಗಳಲ್ಲೂ ಅವು ಸರಿಯಾಗಿ ಕಾಣಿಸಿಕೊಳ್ಳದ ಕಾರಣ, ರೋಮನ್ ಅಕ್ಷರದ ಒಂದು ಹೆಸರೂ ಜೊತೆಗಿರುವುದು ಒಳ್ಳೆಯದು.

ತಂತ್ರಾಂಶದ ಆಯ್ಕೆಗೆ ಒಂದು ವಾರಕ್ಕಿಂತ ಹೆಚ್ಚು ಸಮಯ ಕೊಡಬೇಡಿ. ಫೋನಿನಿಂದಲೇ ಬರೆಯುವವರಿಗೆ 2003ರಿಂದ ಬಳಕೆಯಲ್ಲಿರುವ ವರ್ಡ್‌ಪ್ರೆಸ್ ಅನುಕೂಲ. ಕಂಪ್ಯೂಟರಿನಲ್ಲಿ ಕಡತಗಳನ್ನು ಜೋಡಿಸಿಟ್ಟುಕೊಳ್ಳುವ ಅಭ್ಯಾಸವಿರುವವರಿಗೆ ಹ್ಯೂಗೋ, ಜೆಕಿಲ್‌ನಂಥ ಸಾಧನಗಳು ಹೆಚ್ಚು ಒಗ್ಗುತ್ತವೆ. ಅವುಗಳಲ್ಲಿ ಪ್ರತಿ ಬರಹವೂ ಒಂದು ಸರಳ ಪಠ್ಯಕಡತವಾಗಿರುವುದರಿಂದ, ತಂತ್ರಾಂಶ ನಾಳೆ ಇಲ್ಲವಾದರೂ ಬರಹ ಹಾಗೆಯೇ ಉಳಿಯುತ್ತದೆ. ಉಚಿತ ಸೇವೆಯಲ್ಲೇ ಆರಂಭಿಸುವುದಾದರೆ, ಸ್ವಂತ ಡೊಮೇನ್ ಜೋಡಿಸಲು ಮತ್ತು ಎಲ್ಲ ಬರಹಗಳನ್ನೂ ಒಟ್ಟಿಗೆ ಇಳಿಸಿಕೊಳ್ಳಲು ಅವಕಾಶವಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಕನ್ನಡದಲ್ಲಿ ಬರೆಯುವವರು ನಿಜವಾಗಿ ಸಮಯ ಕೊಡಬೇಕಾದದ್ದು ಅಕ್ಷರಗಳಿಗೆ. ಬರಹವೆಲ್ಲವೂ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿರಬೇಕು. ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ನಿಮ್ಮಲ್ಲಿದ್ದರೆ, ಅವುಗಳ ಒಳಗಿರುವುದು ಕನ್ನಡದಂತೆ ಕಾಣುವ ರೋಮನ್ ಸಂಕೇತಗಳೇ ಹೊರತು ಕನ್ನಡವಲ್ಲ. ಫಾಂಟು ತೆಗೆದೊಡನೆ ಅರ್ಥವಿಲ್ಲದ ಚಿಹ್ನೆಗಳು ಉಳಿಯುತ್ತವೆ. ಪರಿವರ್ತಕಗಳ ಮೂಲಕ ಅವನ್ನು ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಂದೊಂದಾಗಿ ಕಣ್ಣಾಡಿಸಿ ತಿದ್ದಬೇಕಾಗುತ್ತದೆ. ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ: ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಟೈಪಿಸುವುದು. ಎರಡೂ ದುಂಡಗೆ ಒಂದೇ ರೀತಿ ಕಾಣುತ್ತವೆ, ಆದರೆ ಸೊನ್ನೆ ಬಿದ್ದ ‘ಮಂಡ್ಯ’ವನ್ನು ಹುಡುಕುಯಂತ್ರ ಮಂಡ್ಯವೆಂದು ಗುರುತಿಸದೆ ಹೋಗಬಹುದು. ಪ್ರಕಟಿಸುವ ಮೊದಲು ಕಡತದಲ್ಲಿ ಕನ್ನಡ ಸೊನ್ನೆಯನ್ನು ಹುಡುಕಿ, ಪದಗಳ ಒಳಗೆ ಸಿಕ್ಕಿದ್ದನ್ನೆಲ್ಲ ಬದಲಿಸಿ. ‘ರ‍್ಯಾಂಕ್’ ಎಂಬಂಥ ಪದಗಳಲ್ಲಿ ರಕಾರವನ್ನು ಉಳಿಸಿ ಯ ಒತ್ತು ಕೊಡುವುದಕ್ಕೂ ಅರ್ಕಾವತ್ತು ಬಳಸುವುದಕ್ಕೂ ಒಳಗಿನ ಅಕ್ಷರಸರಣಿ ಬೇರೆಬೇರೆಯಾಗಿರುತ್ತದೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿ.

ಫಾಂಟಿಗೆ ಮುಕ್ತ ಪರವಾನಗಿಯ ನೋಟೋ ಸೆರಿಫ್ ಕನ್ನಡ ಅಥವಾ ಟೈರೋ ಕನ್ನಡ ಸಾಕು. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ 1.7 ಪಟ್ಟಾದರೂ ಇಡಿ, ಏಕೆಂದರೆ ಇಂಗ್ಲಿಷಿಗೆಂದು ಮಾಡಿದ ವಿನ್ಯಾಸಗಳಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ. ಪುಟದ ಭಾಷೆ ಕನ್ನಡ ಎಂದು ಸೆಟ್ಟಿಂಗ್ಸ್‌ನಲ್ಲಿ ಸೂಚಿಸುವುದನ್ನು ಮರೆಯಬೇಡಿ. ತೆರೆಯನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿಕೊಂಡಿರುವ ದೃಷ್ಟಿಹೀನ ಓದುಗರಿಗೆ ಆ ಒಂದು ಸೂಚನೆಯಿಂದ ಪುಟ ಸರಿಯಾದ ಧ್ವನಿಯಲ್ಲಿ ಕೇಳಿಸುತ್ತದೆ.

ಪ್ರತಿ ಬರಹದ ವಿಳಾಸವನ್ನು ಮಾತ್ರ ಚಿಕ್ಕದಾಗಿ, ರೋಮನ್ ಅಕ್ಷರಗಳಲ್ಲಿ ಇಡುವುದನ್ನು ನಾನು ಸೂಚಿಸುತ್ತೇನೆ. ಕನ್ನಡ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಪ್ರತಿ ಸ್ವರ, ವ್ಯಂಜನ, ಗುಣಿತಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕು ಪದದ ಶೀರ್ಷಿಕೆ ಅರ್ಧ ಪರದೆಯನ್ನು ತುಂಬುತ್ತದೆ, ಎಷ್ಟೋ ಸಲ ನಡುವೆ ತುಂಡಾಗುತ್ತದೆ. ಒಮ್ಮೆ ಕೊಟ್ಟ ವಿಳಾಸವನ್ನು ಮತ್ತೆ ಬದಲಿಸಬೇಡಿ.

ಇನ್ನು ಬರೆಯುವ ಕ್ರಮ. ವಿಷಯಗಳು ಬೇರೆಬೇರೆಯಾಗಿರುವ ಬ್ಲಾಗಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವುದು ಬರೆಯುವವರ ನಿಷ್ಠುರತೆ: ಕಂಡದ್ದನ್ನು ಕಂಡಷ್ಟೇ, ಅಳೆದದ್ದನ್ನು ಅಳೆದಷ್ಟೇ, ಕೇಳಿದ್ದನ್ನು ಕೇಳಿದ್ದೆಂದೇ ಹೇಳುವುದು. ಮಳೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ‘ಈ ಸಲ ಆರಿದ್ರಾ ಮಳೆ ಚೆನ್ನಾಗಿ ಹಿಡಿಯಿತು’ ಎಂಬ ಬರಹ ಆ ವಾರಕ್ಕೆ ಇಷ್ಟವಾಗುತ್ತದೆ; ಹವಾಮಾನ ಇಲಾಖೆಯವರು ಮಾಡುವಂತೆ ದಿನವೂ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದು ಪಟ್ಟಿ ಮಾಡಿದರೆ, ಅದು ಮುಂದಿನ ಮಳೆಗಾಲಕ್ಕೂ ಬೇಕಾಗುತ್ತದೆ. ಅಡಿಕೆ ಬೆಳೆಗಾರರು ಇಂಚಿನಲ್ಲಿ ಮಾತನಾಡುವುದರಿಂದ, 25.4 ಮಿಲಿಮೀಟರಿಗೆ ಒಂದು ಇಂಚಿನಂತೆ ಲೆಕ್ಕ ಹಾಕಿದ ಸಾಲನ್ನೂ ಜೊತೆಗೆ ಕೊಡಿ. ಮಾಪಕ ಎಲ್ಲಿದೆ, ಹತ್ತಿರ ಮರವಿದೆಯೇ ಎಂಬುದನ್ನೂ ಬರೆಯಿರಿ. ನನ್ನ ಮೊದಲ ಎರಡು ಮಳೆಗಾಲಗಳ ಅಂಕಿಗಳನ್ನು ಅಡಿಕೆ ಮರದ ಸೋಗೆಯ ಹನಿ ಬೀಳುವಷ್ಟು ಹತ್ತಿರದಲ್ಲಿಟ್ಟ ಮಾಪಕದಿಂದ ತೆಗೆದಿದ್ದೆ. ತಿಳಿದ ಮೇಲೆ ಆ ಪುಟಗಳನ್ನು ಅಳಿಸಲಿಲ್ಲ. ಅಂಕಿಗಳನ್ನು ನೆಚ್ಚಬಾರದೆಂದು ದಿನಾಂಕ ಸಮೇತ ಮೇಲ್ಗಡೆಯೇ ಸೇರಿಸಿದೆ. ತಪ್ಪನ್ನು ಸದ್ದಿಲ್ಲದೆ ಅಳಿಸಿದರೆ, ಆ ಅಂಕಿಯನ್ನು ಈಗಾಗಲೇ ತೆಗೆದುಕೊಂಡು ಹೋದವರಿಗೆ ವಿಷಯ ತಿಳಿಯುವುದೇ ಇಲ್ಲ.

ವೀರಗಲ್ಲಿನ ಬಗ್ಗೆ ಬರೆಯುವಾಗಲೂ ಇದೇ ನಿಷ್ಠುರತೆ ಬೇಕು. ಊರು, ಹೋಬಳಿ, ತಾಲ್ಲೂಕು, ಕಲ್ಲಿನ ಎತ್ತರ ಮತ್ತು ಅಗಲ, ಎಷ್ಟು ಪಟ್ಟಿಕೆಗಳಿವೆ ಎಂಬುದು ಮೊದಲು ಬರಲಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ ಇರುತ್ತಾರೆ. ನಿಮ್ಮ ಊರಿನ ಕಲ್ಲು ಇದಕ್ಕಿಂತ ಎಲ್ಲಿ ಬೇರೆಯಾಗಿದೆ ಎಂಬುದೇ ನಿಮ್ಮ ಬರಹದ ಬೆಲೆ. ಹಸುಗಳು ಕೆತ್ತಿದ್ದರೆ ಅದು ತುರುಗೋಳಿನ, ಅಂದರೆ ದನಗಳ ಅಪಹರಣದ, ಕಾಳಗವಾಗಿರಬಹುದು ಎಂದು ಬರೆಯಿರಿ. ಶಾಸನ ಓದದೆ ‘ಆಗಿದೆ’ ಎನ್ನಬೇಡಿ. ಚಿತ್ರವನ್ನು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಸೀಮೆಸುಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಕಲ್ಲಿಗೆ ಬಳಿಯಬಾರದು. ಬಿ. ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ, ನೀವು ನೋಡಿದ ಕಲ್ಲು ಈಗಾಗಲೇ ದಾಖಲಾಗಿದೆಯೇ ಎಂದು ಹುಡುಕುವುದು ಕಷ್ಟವಲ್ಲ. ಕಾಡಿನೊಳಗೆ ಕಾವಲಿಲ್ಲದೆ ಬಿದ್ದಿರುವ ಚಿಕ್ಕ ಮೂರ್ತಿಯಾದರೆ ನಿಖರವಾದ ನಕ್ಷೆಯ ಗುರುತನ್ನು ಹಾಕಬೇಡಿ. ನಿಧಿಯಾಸೆಗೆ ಅಗೆಯುವವರೂ ಅಂತರ್ಜಾಲ ಓದುತ್ತಾರೆ.

ಅಡುಗೆಯ ಬರಹದಲ್ಲಿ ಸಿದ್ದೆ, ಸೇರು, ಹಿಡಿ ಎಂಬ ಮಾತುಗಳನ್ನು ಉಳಿಸಿಕೊಳ್ಳಿ, ಆದರೆ ಒಮ್ಮೆ ತೂಗಿ ಗ್ರಾಂ ಲೆಕ್ಕವನ್ನೂ ಕೊಡಿ. ಅಮ್ಮನ ಹಿಡಿ ಓದುಗರ ಮನೆಯಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಬಗೆಯ ಬರಹಗಳನ್ನು ಜೋಡಿಸುವುದು ಹೇಗೆ ಎಂಬುದಕ್ಕೆ ನನ್ನ ಅನುಭವದ ಉತ್ತರ ಹೀಗಿದೆ: ಒಂದೇ ಬ್ಲಾಗ್, ಐದಾರು ವಿಭಾಗಗಳು. ಆಸಕ್ತಿಗೊಂದರಂತೆ ನಾಲ್ಕು ಬ್ಲಾಗ್ ತೆರೆದರೆ ನಾಲ್ಕರಲ್ಲೂ ತಿಂಗಳುಗಟ್ಟಲೆ ಹೊಸದೇನೂ ಇರುವುದಿಲ್ಲ. ವಿಭಾಗದ ಹೆಸರು ಓದುಗರು ಬಳಸುವ ಪದವೇ ಆಗಿರಲಿ. ‘ಮಳೆ’, ‘ಅಡುಗೆ’, ‘ಕಲ್ಲುಗಳು’, ‘ತಾಳಮದ್ದಳೆ’ ಎಂದರೆ ಸಾಕು, ಕಾವ್ಯಮಯ ಹೆಸರುಗಳು ದಾರಿ ತಪ್ಪಿಸುತ್ತವೆ. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಆರ್‌ಎಸ್‌ಎಸ್ ಫೀಡ್, ಅಂದರೆ ಹೊಸ ಬರಹಗಳನ್ನು ಓದುಗರಿಗೆ ತಾನಾಗಿಯೇ ತಲುಪಿಸುವ ಕೊಂಡಿ, ಸಿಗುವಂತೆ ಮಾಡಿದರೆ, ಮಳೆಯ ಅಂಕಿಗಳು ಮಾತ್ರ ಬೇಕಾದವರು ಅದನ್ನಷ್ಟೇ ಪಡೆಯಬಹುದು. 2013ರ ಜುಲೈನಲ್ಲಿ ಫೀಡುಗಳನ್ನು ಓದುವ ಸೇವೆಯಾಗಿದ್ದ ಗೂಗಲ್ ರೀಡರ್ ನಿಂತ ಮೇಲೆ ಫೀಡುಗಳ ಕಾಲ ಮುಗಿಯಿತೆಂದು ಹಲವರು ತಿಳಿದರು. ಫೀಡ್ ಯಾವ ಒಂದು ಕಂಪನಿಯದೂ ಅಲ್ಲದ ಕಾರಣ ಅದು ಇಂದಿಗೂ ಕೆಲಸ ಮಾಡುತ್ತಿದೆ. ಹಿರಿಯ ಓದುಗರಿಗಾಗಿ ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಕಳಿಸಿ, ಆದರೆ ಪೂರ್ತಿ ಬರಹವನ್ನು ಅಲ್ಲಿ ಅಂಟಿಸಬೇಡಿ. ಮುಂದೆ ಹರಿದಾಡುವ ಪ್ರತಿಯಲ್ಲಿ ನಿಮ್ಮ ತಿದ್ದುಪಡಿಗಳು ಸೇರುವುದಿಲ್ಲ.

ಬೇರೆಯವರ ಬರಹವನ್ನು ಬಳಸುವಾಗ ಕಾನೂನು ತಿಳಿದಿರಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಕೃತಿಗಳ ಮೇಲೆ ಹಕ್ಕು ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕವಿತೆಯನ್ನು ಇಡಿಯಾಗಿ ಹಾಕಬಹುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರದಕ್ಕೆ 2041ರ ಕೊನೆಯವರೆಗೆ ಅನುಮತಿ ಬೇಕು. ವಿಮರ್ಶೆಗಾಗಿ ಕೆಲವು ಸಾಲುಗಳನ್ನು ಹೆಸರು ಹೇಳಿ ಉಲ್ಲೇಖಿಸಲು ಅಡ್ಡಿಯಿಲ್ಲ. ಕಾನೂನಿನಾಚೆಗೆ ಇನ್ನೊಂದು ಹೊಣೆಯಿದೆ: ನೆರೆಮನೆಯವರು ಹೇಳಿದ ಸಂಗತಿಯನ್ನೋ ಅವರ ಚಿತ್ರವನ್ನೋ ಹಾಕುವ ಮೊದಲು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಊರಿನಲ್ಲಿ ಆಡಿದ ಮಾತು ಊರಿನೊಳಗೇ ಉಳಿಯುತ್ತದೆಂಬ ನಂಬಿಕೆಯಿಂದ ಅವರು ಆಡಿರುತ್ತಾರೆ.

ಎಷ್ಟು ದಿನಕ್ಕೊಮ್ಮೆ ಬರೆಯಬೇಕೆಂಬುದಕ್ಕೆ ನಿಯಮ ಬೇಡ. ದಿನದ ಓದುಗರ ಎಣಿಕೆಯನ್ನು ನೋಡುವುದನ್ನೂ ಬಿಡಿ; ಕ್ರಮೇಣ ಅದು ಯಾವ ಆಸಕ್ತಿಯ ಬಗ್ಗೆ ಬರೆಯಬೇಕೆಂಬುದನ್ನು ನಿಮ್ಮ ಪರವಾಗಿ ತೀರ್ಮಾನಿಸತೊಡಗುತ್ತದೆ. ಪ್ರತಿಕ್ರಿಯೆಗಳನ್ನು ಓದಿ ಒಪ್ಪಿದ ನಂತರವೇ ಪ್ರಕಟವಾಗುವಂತೆ ಇಡಿ, ಇಲ್ಲವಾದರೆ ವಾರದೊಳಗೆ ಜಾಹೀರಾತಿನ ಕಸ ತುಂಬಿಕೊಳ್ಳುತ್ತದೆ.

ವರ್ಷದಲ್ಲಿ ಒಂದು ದಿನವನ್ನು ಬ್ಲಾಗಿನ ಪಾಲನೆಗೆಂದೇ ಮೀಸಲಿಡಿ. ಯುಗಾದಿಯ ಮರುದಿನವನ್ನು ನಾನು ಇದಕ್ಕೆ ಇಟ್ಟುಕೊಂಡಿದ್ದೇನೆ. ಆ ದಿನ ಡೊಮೇನ್ ಮುಗಿಯುವ ದಿನಾಂಕವನ್ನು ನೋಡಿ, ಸಾಧ್ಯವಾದರೆ ಕೆಲವು ವರ್ಷಗಳಿಗೆ ಒಟ್ಟಿಗೆ ನವೀಕರಿಸಿ. ಬರಹ ಮತ್ತು ಚಿತ್ರಗಳ ಪೂರ್ಣ ಪ್ರತಿಯನ್ನು ಇಳಿಸಿಕೊಂಡು ಒಂದನ್ನು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದನ್ನು ಬೇರೆ ಊರಿನಲ್ಲಿರುವ ಬಂಧುಗಳ ಮನೆಯಲ್ಲಿ ಇಡಿ. ಆ ವರ್ಷದ ಮುಖ್ಯ ಪುಟಗಳ ವಿಳಾಸಗಳನ್ನು ಇಂಟರ್ನೆಟ್ ಆರ್ಕೈವ್‌ನ ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನಿಗೆ ಕೊಟ್ಟು ಉಳಿಸಿ. ಸತ್ತ ಕೊಂಡಿಗಳನ್ನು ತಿದ್ದಿ. ಕೊನೆಯದಾಗಿ, ಡೊಮೇನ್ ಯಾರ ಬಳಿ ನೋಂದಾಯಿತವಾಗಿದೆ, ಪಾಸ್‌ವರ್ಡ್ ಎಲ್ಲಿದೆ, ಹಣ ಯಾವಾಗ ಕಟ್ಟಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮನೆಯ ಪತ್ರಗಳಿರುವ ಕಡೆಯಲ್ಲೇ ಇಟ್ಟು, ಮಗಳಿಗೋ ತಮ್ಮನಿಗೋ ಅದನ್ನು ತೋರಿಸಿಡಿ.