ಮಾದರಿ ರೈಲು ಎಂಜಿನ್ನಿನ ಸದ್ದು ಕೆಟ್ಟಾಗ: ಸೌಂಡ್ ಡಿಕೋಡರಿನ ದೋಷ ಹುಡುಕುವ ಕ್ರಮ

ಡಿಸಿಸಿ ಪದ್ಧತಿಯಲ್ಲಿ (ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಡಿಜಿಟಲ್ ಆಜ್ಞೆ ಕಳಿಸುವ ಕ್ರಮ) ಓಡುವ ಎಚ್‌ಒ ಅಳತೆಯ (1:87) ಎಂಜಿನ್ನಿನೊಳಗಿನ ಸೌಂಡ್ ಡಿಕೋಡರ್ ಮೋಟಾರು, ದೀಪ, ಸದ್ದು ಈ ಮೂರನ್ನೂ ಒಂದೇ ಪುಟ್ಟ ವಿದ್ಯುನ್ಮಾನ ಹಲಗೆಯಿಂದ ನಡೆಸುತ್ತದೆ. ಆದ್ದರಿಂದ ಸದ್ದು ನಿಂತಾಗ ಮೊದಲು ನೋಡಬೇಕಾದದ್ದು ಉಳಿದೆರಡರ ಸ್ಥಿತಿಯನ್ನು. ದೀಪ ಉರಿಯುತ್ತಿದ್ದು ಎಂಜಿನ್ ಸರಾಗವಾಗಿ ಓಡುತ್ತಿದ್ದರೆ ಹಳಿಯಿಂದ ವಿದ್ಯುತ್ತೂ ಆಜ್ಞೆಯೂ ಡಿಕೋಡರನ್ನು ತಲುಪುತ್ತಿವೆ ಎಂದರ್ಥ. ದೋಷವನ್ನು ಸೆಟ್ಟಿಂಗಿನಲ್ಲೋ ಸ್ಪೀಕರಿನ ಕಡೆಯೋ ಹುಡುಕಬೇಕು. ಮೂರೂ ಸುಮ್ಮನಿದ್ದರೆ ವಿಳಾಸ (ಆಜ್ಞೆ ಯಾವ ಎಂಜಿನ್ನಿಗೆಂದು ಗುರುತಿಸುವ ಸಂಖ್ಯೆ), ಪ್ಲಗ್ಗು ಮತ್ತು ಹಳಿಗಳಿಂದ ಆರಂಭಿಸಬೇಕು. ಡಿಕೋಡರೇ ಸುಟ್ಟಿದೆ ಎಂಬ ತೀರ್ಮಾನಕ್ಕೆ ಕೊನೆಯಲ್ಲಿ ಬರುವುದು ಮೇಲು, ಏಕೆಂದರೆ ಅದು ಈ ಸಾಲಿನಲ್ಲಿ ಅತ್ಯಂತ ದುಬಾರಿಯಾದ ಊಹೆ.

ಎಂಜಿನ್ ಓಡುತ್ತಿದ್ದೂ ಸದ್ದಿಲ್ಲದಿದ್ದರೆ ಮೊದಲು ಕೈಯಲ್ಲಿರುವ ನಿಯಂತ್ರಕದಲ್ಲಿ ಎಫ್‌8 ಒತ್ತಿ ನೋಡಿ. ಹಲವು ಡಿಕೋಡರುಗಳಲ್ಲಿ ಸದ್ದನ್ನು ಅಡಗಿಸುವ ಅಥವಾ ಎಬ್ಬಿಸುವ ಕೀ ಇದೇ. ಕೆಲವು ತಯಾರಿಕೆಗಳಲ್ಲಿ ಎಫ್‌1 ಆಗಿರುವುದೂ ಉಂಟು. ಬಳಿಕ ಒಟ್ಟು ವಾಲ್ಯೂಮಿನ ಸಿವಿ (ಡಿಕೋಡರಿನಲ್ಲಿ ಒಂದೊಂದು ಸೆಟ್ಟಿಂಗಿನ ಬೆಲೆಯನ್ನು ಉಳಿಸುವ, ಸಂಖ್ಯೆಯಿಂದ ಗುರುತಿಸುವ ಸ್ಥಾನ) ಪರಿಶೀಲಿಸಿ. ಇಎಸ್‌ಯು ಲೋಕ್‌ಸೌಂಡ್‌ನಲ್ಲಿ ಅದು ಸಿವಿ 63, ಸೌಂಡ್‌ಟ್ರಾಕ್ಸ್‌ನಲ್ಲಿ ಸಿವಿ 128, ಝಿಮೋದಲ್ಲಿ ಸಿವಿ 266. ಒಂದು ತಯಾರಕರ ಸಿವಿ ಪಟ್ಟಿಯನ್ನು ಇನ್ನೊಬ್ಬರ ಡಿಕೋಡರಿಗೆ ಬಳಸಬಾರದು. ಯಾರದೆಂದು ಗೊತ್ತಿಲ್ಲದಿದ್ದರೆ ಸಿವಿ 8 ಓದಿ: 151 ಬಂದರೆ ಇಎಸ್‌ಯು, 141 ಸೌಂಡ್‌ಟ್ರಾಕ್ಸ್, 145 ಝಿಮೋ.

ಇದಕ್ಕೆ ತಿರುಗುಮುರುಗಾದ ಸ್ಥಿತಿಯೂ ಇದೆ: ಹಾರ್ನ್ ಕೂಗುತ್ತದೆ, ಗಂಟೆ ಬಾರಿಸುತ್ತದೆ, ಎಂಜಿನ್ ಮಾತ್ರ ಕದಲುವುದಿಲ್ಲ. ಹಿಂದೊಮ್ಮೆ ಎರಡು ಎಂಜಿನ್‌ಗಳನ್ನು ಜೋಡಿಯಾಗಿ ಓಡಿಸಿ, ಆ ಜೋಡಿಯನ್ನು ಬಿಡಿಸುವುದನ್ನು ಮರೆತಾಗ ಹೀಗಾಗುತ್ತದೆ. ಜೋಡಿಯ ವಿಳಾಸ ಸಿವಿ 19ರಲ್ಲಿ ಉಳಿದುಕೊಂಡಿರುವ ತನಕ ಎಂಜಿನ್ ತನ್ನ ಸ್ವಂತ ವಿಳಾಸಕ್ಕೆ ಬಂದ ವೇಗದ ಆಜ್ಞೆಯನ್ನು ಲೆಕ್ಕಿಸುವುದಿಲ್ಲ. ಅಲ್ಲಿ 0 ಬರೆದರೆ ಸಾಕು.

ಅತಿ ಹೆಚ್ಚು ಕಾಡುವ ದೋಷವೆಂದರೆ ಸದ್ದು ತುಂಡುತುಂಡಾಗುವುದು: ಎಂಜಿನ್ ಚೆನ್ನಾಗಿ ಗುಡುಗುತ್ತಿದ್ದು, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಒಮ್ಮೆ ತಡೆದು, ಮತ್ತೆ ಸ್ಟಾರ್ಟ್ ಆಗುವ ಸದ್ದಿನಿಂದ ಆರಂಭಿಸುತ್ತದೆ. ಇಲ್ಲಿ ಡಿಕೋಡರಿನ ತಪ್ಪೇನೂ ಇಲ್ಲ. ವಿದ್ಯುತ್ತು ಕ್ಷಣಮಾತ್ರ ತಪ್ಪಿದಾಗ ಮೋಟಾರು ತನ್ನ ಚಲನೆಯ ಬಲದಿಂದ ಮುಂದೆ ಸಾಗಿಬಿಡುತ್ತದೆ, ಆದರೆ ಸದ್ದಿಗೆ ಅಂಥ ಆಸರೆಯಿಲ್ಲ. ಹಳಿಯನ್ನು ಮತ್ತು ಮುಖ್ಯವಾಗಿ ಚಕ್ರಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಚಕ್ರದ ಹಿಂಬದಿಗೆ ತಾಗುವ ಹಿತ್ತಾಳೆಯ ಪಟ್ಟಿಗಳು ಎಲ್ಲ ಚಕ್ರಗಳಿಗೂ ನಿಜವಾಗಿ ತಾಗುತ್ತಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಹಳಿ ಉಜ್ಜುವುದರಲ್ಲೇ ದಿನ ಕಳೆಯುವವರು ಈ ಪಟ್ಟಿಗಳನ್ನು ನೋಡುವುದೇ ಇಲ್ಲ. ಇಷ್ಟಾದ ಮೇಲೂ ಸದ್ದು ತಡೆಯುತ್ತಿದ್ದರೆ ವಿದ್ಯುತ್ತು ತಪ್ಪಿದ ಕ್ಷಣದಲ್ಲಿ ಡಿಕೋಡರನ್ನು ನಡೆಸುವ ಕೀಪ್-ಅಲೈವ್ ಕೆಪಾಸಿಟರ್ ಜೋಡಿಸಬಹುದು. ಅದನ್ನು ಜೋಡಿಸಿದಾಗ ಎಂಜಿನ್ ಹತೋಟಿ ತಪ್ಪಿ ಓಡದಂತೆ ಸಿವಿ 29ರಲ್ಲಿ ಡಿಸಿ ಓಟವನ್ನು (ಡಿಜಿಟಲ್ ಆಜ್ಞೆಯಿಲ್ಲದ ಬರೀ ನೇರ ವಿದ್ಯುತ್ತಿನಲ್ಲಿ ಓಡುವುದನ್ನು) ನಿಲ್ಲಿಸುವುದು ಒಳ್ಳೆಯದು: ಬೆಲೆ 6 ಇದ್ದರೆ 2, 38 ಇದ್ದರೆ 34 ಎಂದು ಬರೆಯಬೇಕು. ಕೊಳೆಯಾದ ಚಕ್ರಕ್ಕೆ ಕೆಪಾಸಿಟರನ್ನು ಔಷಧಿಯೆಂದು ಬಳಸುವುದನ್ನು ನಾನು ಒಪ್ಪುವುದಿಲ್ಲ.

ಸದ್ದು ಒಡೆದಂತೆ ಗರಗರ ಎನ್ನುತ್ತಿದ್ದರೆ ಮೊದಲು ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ. ಗರಗರ ಮಾಯವಾದರೆ ಆ ಸ್ಪೀಕರಿಗೆ ಹೊರೆ ಹೆಚ್ಚಾಗಿತ್ತು. ಮಾಯವಾಗದಿದ್ದರೆ ಸ್ಪೀಕರಿನ ಪೊರೆಗೆ ತಂತಿಯೋ ಮೇಲ್ಕವಚವೋ ತಾಗುತ್ತಿರಬಹುದು, ಅಥವಾ ಅಯಸ್ಕಾಂತ ಸೆಳೆದ ಕಬ್ಬಿಣದ ಪುಡಿ ಒಳಗೆ ಸೇರಿರಬಹುದು. ಸದ್ದು ಒಡೆಯದೆ ಬರೀ ತೆಳ್ಳಗಿದ್ದರೆ ಸ್ಪೀಕರಿನ ಹಿಂದಿನ ಡಬ್ಬಿಯಲ್ಲಿ ಸಂದಿಯಿದೆಯೇ ನೋಡಿ. ಮುಂದಿನ ಮತ್ತು ಹಿಂದಿನ ಅಲೆಗಳು ಬೆರೆತು ಒಂದನ್ನೊಂದು ಅಳಿಸಿಹಾಕುವುದರಿಂದ ಡಬ್ಬಿಯಿಲ್ಲದ ಸ್ಪೀಕರಿನಲ್ಲಿ ತಗ್ಗು ಸ್ಥಾಯಿಯ ಗಡಸು ಸದ್ದು ಹುಟ್ಟುವುದೇ ಇಲ್ಲ.

ಸ್ಪೀಕರನ್ನು ಪರೀಕ್ಷಿಸಲು ಎರಡೂ ತಂತಿಗಳನ್ನು ಡಿಕೋಡರಿನಿಂದ ಬಿಡಿಸಿ ಮಲ್ಟಿಮೀಟರ್ ಇಡಬೇಕು. 8 ಓಮಿನ ಸ್ಪೀಕರ್ ಅದಕ್ಕಿಂತ ತುಸು ಕಡಿಮೆ ತೋರಿಸುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಬದಲಿ ಸ್ಪೀಕರ್ ಹಾಕುವಾಗ ಓಮ್ ಹೊಂದಬೇಕು. ಲೋಕ್‌ಸೌಂಡ್ 3.5 ಪೀಳಿಗೆಯವು 100 ಓಮಿನ ಸ್ಪೀಕರ್ ಬಳಸುತ್ತಿದ್ದವು. ಅವಕ್ಕೆ ಇಂದಿನ 4 ಅಥವಾ 8 ಓಮಿನದನ್ನು ಬೆಸೆದರೆ ಆಂಪ್ಲಿಫೈಯರ್ ಕೆಡುತ್ತದೆ. ಸ್ಪೀಕರಿನ ತಂತಿಗಳು ಒಂದಕ್ಕೊಂದಾಗಲೀ ಲೋಹದ ಚೌಕಟ್ಟಿಗಾಗಲೀ ತಾಗಿದರೂ ಇದೇ ಗತಿ.

ಉಗಿ ಎಂಜಿನ್ನಿನಲ್ಲಿ ಚಕ್ರಕ್ಕೂ ಸದ್ದಿಗೂ ತಾಳ ತಪ್ಪುವುದುಂಟು. ಎರಡು ಸಿಲಿಂಡರಿನ ಸಾಮಾನ್ಯ ಎಂಜಿನ್ನು ಚಾಲಕ ಚಕ್ರದ ಪ್ರತಿ ಸುತ್ತಿಗೆ ನಾಲ್ಕು ಬಾರಿ ಉಗಿ ಚಿಮ್ಮುತ್ತದೆ. ಎಂಜಿನ್ನನ್ನು ಅತಿ ನಿಧಾನವಾಗಿ ಓಡಿಸಿ, ಎಣಿಸುತ್ತಾ ಲೋಕ್‌ಸೌಂಡ್‌ನಲ್ಲಿ ಸಿವಿ 57 ಮತ್ತು 58, ಸೌಂಡ್‌ಟ್ರಾಕ್ಸ್‌ನಲ್ಲಿ ಅದಕ್ಕೆಂದಿರುವ ಸಿವಿ ತಿದ್ದಬೇಕು. ಕಿವಿಗೆ ಒಗ್ಗುವವರೆಗೆ ತಾಳ್ಮೆ ಬೇಕಾದ ಕೆಲಸವಿದು.

ಸಿವಿ ಓದಲು ಹೋದಾಗ ಉತ್ತರವೇ ಬರದಿದ್ದರೆ ಗಾಬರಿಯಾಗಬೇಕಿಲ್ಲ. ಪ್ರೋಗ್ರಾಮಿಂಗ್ ಹಳಿಯಲ್ಲಿ (ಸಿವಿ ಓದಲು, ಬರೆಯಲು ಮೀಸಲಾದ ಪ್ರತ್ಯೇಕ ಹಳಿ) ಡಿಕೋಡರ್ ಸಾಮಾನ್ಯವಾಗಿ ಮೋಟಾರನ್ನು ಕ್ಷಣಕಾಲ ಮಿಡಿಸಿ, ಸುಮಾರು 6 ಮಿಲಿಸೆಕೆಂಡ್ ಕಾಲ ಕನಿಷ್ಠ 60 ಮಿಲಿಆಂಪ್ ಹೆಚ್ಚಿಗೆ ಎಳೆದು ಉತ್ತರ ಕೊಡುತ್ತದೆ. ಚಕ್ರ ಕೊಳೆಯಾಗಿದ್ದರೆ, ಮೋಟಾರಿನ ತಂತಿ ಬಿಟ್ಟಿದ್ದರೆ, ಇಲ್ಲವೇ ಕೀಪ್-ಅಲೈವ್ ಅಡ್ಡಬಂದರೆ ಆ ಮಿಡಿತ ಕಾಣುವುದಿಲ್ಲ. ಆಗ ಮುಖ್ಯ ಹಳಿಯ ಮೇಲೆಯೇ ಬರೆಯಬಹುದು; ಅಲ್ಲಿ ಉತ್ತರದ ಅಗತ್ಯವಿಲ್ಲ.

ಯಾವುದೂ ಫಲಿಸದಿದ್ದರೆ ಈಗಿನ ಸಿವಿ ಬೆಲೆಗಳನ್ನು ಬರೆದಿಟ್ಟುಕೊಂಡು ಸಿವಿ 8ರಲ್ಲಿ 8 ಬರೆದು, ವಿದ್ಯುತ್ತನ್ನು ಒಮ್ಮೆ ಆರಿಸಿ ಹಚ್ಚಿ. ಮೇಲಿನ ಮೂರೂ ತಯಾರಿಕೆಗಳು ಇದರಿಂದ ಮೂಲ ಸ್ಥಿತಿಗೆ ಮರಳುತ್ತವೆ. ವಿಳಾಸ ಸಾಮಾನ್ಯವಾಗಿ 3 ಆಗುತ್ತದೆ. ಅದಾದ ಮೇಲೂ, ಚೆನ್ನಾಗಿರುವ ಬೇರೊಂದು ಸ್ಪೀಕರ್ ಜೋಡಿಸಿದಾಗಲೂ ಸದ್ದು ಬಾರದೆ ಮೋಟಾರು ಮತ್ತು ದೀಪ ಮಾತ್ರ ನಡೆಯುತ್ತಿದ್ದರೆ ಆಂಪ್ಲಿಫೈಯರ್ ಹೋಗಿದೆ. ಹೊಸ ಡಿಕೋಡರ್ ಕೂರಿಸುವ ಮೊದಲು ಹಳೆಯ ಸ್ಪೀಕರಿನ ಓಮ್ ಮತ್ತು ತಂತಿಗಳ ಹೊದಿಕೆಯನ್ನು ಪರೀಕ್ಷಿಸದಿದ್ದರೆ ಅದೂ ಅದೇ ದಾರಿ ಹಿಡಿಯುತ್ತದೆ.